ಕೆರೆ, ಕೃಷಿ ಹೊಂಡ, ಜಲಾಶಯ: ಯಾವ ನೀರಿಗೆ ಯಾವ ಲೆಕ್ಕ?

ಬೇಸಿಗೆ ಬಂತೆಂದರೆ ಧಾರವಾಡ, ಗದಗ, ಹಾವೇರಿ ಕಡೆಯ ಊರುಗಳಿಂದ ನನಗೆ ಬರುವ ಪ್ರಶ್ನೆಗಳು ಮೂರು ಬಗೆಯವು. ಕೆರೆಯ ಹೂಳೆತ್ತಲು ಹಣ ಮಂಜೂರಾಗಿದೆ, ಎಲ್ಲಿ ಎಷ್ಟು ಆಳ ತೆಗೆಸಬೇಕು? ಹೊಲದಲ್ಲಿ ಕೃಷಿ ಹೊಂಡ ಮಾಡಿಸಬೇಕು, 12 ಮೀಟರಿನದು ಸಾಕೇ, 21 ಮೀಟರಿನದೇ ಬೇಕೇ? ಪಟ್ಟಣಕ್ಕೆ ಮುಂದಿನ ಇಪ್ಪತ್ತು ವರ್ಷ ನೀರು ಸಾಲುತ್ತದೆಯೇ? ಕೇಳುವವರು ಬೇರೆ ಬೇರೆ, ಆದರೆ ಮಾತು ಮುಗಿಯುವ ಹೊತ್ತಿಗೆ ಎಲ್ಲರೂ ಒಂದೇ ಕಡೆ ಬಂದು ನಿಲ್ಲುತ್ತಾರೆ: "ಮಳೆಯೇ ಮೊದಲಿನಂತಿಲ್ಲ, ಲೆಕ್ಕ ಹಾಕುವುದಾದರೂ ಹೇಗೆ?"

ಮಲಪ್ರಭೆಯನ್ನು ನೋಡಿದವರಿಗೆ ಈ ಮಾತಿನ ತೂಕ ಗೊತ್ತು. ಆ ಹೊಳೆಗೆ ನವಿಲುತೀರ್ಥದಲ್ಲಿ ಕಟ್ಟಿದ ಮಲಪ್ರಭಾ ಜಲಾಶಯದ ಸಾಮರ್ಥ್ಯ 37.73 ಟಿಎಂಸಿ. 2015 ಮತ್ತು 2016ರಲ್ಲಿ ಬೆನ್ನಿಗೆ ಬೆನ್ನು ಹಚ್ಚಿ ಬರ ಬಂತು, 2018 ಮತ್ತೆ ಬರ. ಹುಬ್ಬಳ್ಳಿಗೆ ನೀರು ಕೊಡುತ್ತಿದ್ದ ನೀರಸಾಗರ 2017ರ ಬೇಸಿಗೆಯಲ್ಲಿ ಒಣಗಿ ನಿಂತಿತು. ಅದಾಗಿ ಎರಡೇ ವರ್ಷಕ್ಕೆ, 2019ರ ಆಗಸ್ಟಿನಲ್ಲಿ, ಮಲಪ್ರಭಾ ಜಲಾಶಯದಿಂದ ಬಿಟ್ಟ ನೀರಿಗೆ ಕೊಣ್ಣೂರು, ಹೊಳೆಆಲೂರಿನಂಥ ದಂಡೆಯ ಊರುಗಳು ಮುಳುಗಿದವು. ಈ ವರ್ಷಗಳನ್ನೆಲ್ಲ ಕೂಡಿಸಿ ಭಾಗಿಸಿದರೆ ಬರುವ ಸರಾಸರಿ ಯಾವ ವರ್ಷವೂ ಬೀಳದ ಮಳೆ. ಅದನ್ನು ನಂಬಿ ಕೆರೆ ಕಟ್ಟಿದರೆ ಬರದ ವರ್ಷ ಕೊಡ ತುಂಬುವುದಿಲ್ಲ, ನೆರೆಯ ವರ್ಷ ಒಡ್ಡು ಉಳಿಯುವುದಿಲ್ಲ.

ಹಾಗಾದರೆ ಯಾವ ಲೆಕ್ಕ ಹಿಡಿಯಬೇಕು? ಕೈಬೆರಳಿನ ಲೆಕ್ಕದಿಂದ ಹಿಡಿದು ದೊಡ್ಡ ಕಂಪ್ಯೂಟರ್ ಮಾದರಿಯವರೆಗೆ ನಾಲ್ಕು ದಾರಿಗಳಿವೆ. ನಾನು ನಾಲ್ಕನ್ನೂ ಬಳಸಿದ್ದೇನೆ. ನನ್ನ ಒಲವನ್ನು ಮೊದಲೇ ಹೇಳಿಬಿಡುತ್ತೇನೆ: ಊರಿನ ಮಟ್ಟದ ಕೆಲಸಕ್ಕೆ ಸರಳ ಮಾದರಿಯೇ ಸರಿ. ಎಲ್ಲಿ ಅದು ಸಾಲದು ಎನ್ನುವುದನ್ನೂ ಮುಚ್ಚಿಡದೆ ಹೇಳುತ್ತೇನೆ.

ಹಳೆಯ ಕೋಷ್ಟಕ

ಮೊದಲ ದಾರಿ ನೂರಮೂವತ್ತು ವರ್ಷ ಹಳೆಯದು. ಸ್ಟ್ರೇಂಜ್ ಎಂಬ ಎಂಜಿನಿಯರ್ 1892ರಲ್ಲಿ ಇಂದಿನ ಮಹಾರಾಷ್ಟ್ರ ಮತ್ತು ಕರ್ನಾಟಕದ ಗಡಿಸೀಮೆಯ ಮಳೆಯನ್ನೂ ಹರಿವನ್ನೂ ಅಳೆದು ಒಂದು ಕೋಷ್ಟಕ ಮಾಡಿದರು. ಮುಂಗಾರಿನಲ್ಲಿ ಇಷ್ಟು ಮಳೆ ಬಿದ್ದರೆ, ಜಲಾನಯನ (ಕೆರೆಗೆ ನೀರು ಹರಿದು ಬರುವ ನೆಲ) ಒಳ್ಳೆಯದೋ ಸಾಧಾರಣವೋ ಕೆಟ್ಟದ್ದೋ ನೋಡಿ, ಅದರಲ್ಲಿ ಶೇಕಡಾ ಇಷ್ಟು ಕೆರೆಗೆ ಬರುತ್ತದೆ ಎಂದು ಅದು ಹೇಳುತ್ತದೆ. ನಮ್ಮ ಸೀಮೆಯ ನೆಲವನ್ನೇ ನೋಡಿ ಮಾಡಿದ ಲೆಕ್ಕವಾದ್ದರಿಂದ ಅದರ ಮೇಲೆ ನನಗೆ ಗೌರವವಿದೆ. ಸಣ್ಣ ನೀರಾವರಿಯ ಎಂಜಿನಿಯರುಗಳು ಓದಿ ಬಂದಿರುವುದೂ ಇದನ್ನೇ.

ಇದರ ಜೊತೆಗೆ ಇನ್ನೊಂದು ರೂಢಿ ಇದೆ, ಶೇಕಡಾ 75ರ ಭರವಸೆ. ಅಂದರೆ ನಾಲ್ಕು ವರ್ಷಗಳಲ್ಲಿ ಮೂರು ವರ್ಷವಾದರೂ ಇಷ್ಟು ನೀರು ಸಿಕ್ಕೇ ಸಿಗುತ್ತದೆ ಎಂದು ಹಿಂದಿನ ದಾಖಲೆಯಿಂದ ತೆಗೆದು ನೀರಾವರಿ ಯೋಜನೆ ಮಾಡುವುದು. ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸ. ಈ ಕೆರೆಗೆ ಕೈ ಹಾಕಬೇಕೋ ಬೇಡವೋ ಎಂಬ ಮೊದಲ ಪ್ರಶ್ನೆಗೆ ಇಷ್ಟು ಸಾಕು.

ತೊಂದರೆ ಎರಡು. ಒಂದು, ಉಳಿದ ಆ ಕಾಲು ಭಾಗದ ಕೆಟ್ಟ ವರ್ಷಗಳು ಬಿಡಿಬಿಡಿಯಾಗಿ ಬರುತ್ತವೆಯೋ ಜೋಡಿಯಾಗಿ ಬರುತ್ತವೆಯೋ ಇದು ಹೇಳುವುದಿಲ್ಲ. ಊರನ್ನು ಗುಳೆ ಎಬ್ಬಿಸುವುದು ಜೋಡಿಯಾಗಿ ಬಂದ ಬರ. ಎರಡು, ಮುಂಗಾರಿನ ಒಟ್ಟು ಮೊತ್ತವನ್ನಷ್ಟೇ ಇದು ಕೇಳುತ್ತದೆ, ಮಳೆ ಯಾವ ರೀತಿ ಬಿತ್ತೆಂದು ಕೇಳುವುದಿಲ್ಲ. ಈಗ ಬದಲಾಗುತ್ತಿರುವುದು ಆ ರೀತಿಯೇ.

ಬಾನಿ ಲೆಕ್ಕ

ಎರಡನೆಯ ದಾರಿಗೆ ನಾನು ಬಾನಿ ಲೆಕ್ಕ ಎನ್ನುತ್ತೇನೆ. ಕೆರೆಯನ್ನು ಒಂದು ಬಾನಿ ಎಂದುಕೊಳ್ಳಿ. ಮೇಲಿನಿಂದ ಮಳೆ, ಪಕ್ಕದಿಂದ ಹಳ್ಳದ ನೀರು ಒಳಬರುತ್ತದೆ. ಆವಿಯಾಗಿ, ಇಂಗಿ, ಬಳಕೆಯಾಗಿ ಹೊರಹೋಗುತ್ತದೆ. ತುಂಬಿ ಮಿಕ್ಕಿದ್ದು ಕೋಡಿ ಬೀಳುತ್ತದೆ. ಎಕ್ಸೆಲ್ ಹಾಳೆಯಲ್ಲಿ ಒಂದು ಸಾಲಿಗೆ ಒಂದು ಅವಧಿ, ಒಂದು ಅವಧಿಯ ಉಳಿಕೆ ಮುಂದಿನದರ ಆರಂಭ. ಖಾತೆ ಪುಸ್ತಕ ಬರೆಯಬಲ್ಲ ಯಾರಿಗಾದರೂ ಬರುತ್ತದೆ. ಸಹಕಾರ ಸಂಘದ ಕಾರ್ಯದರ್ಶಿಯೊಬ್ಬರು ನನಗಿಂತ ಚೆನ್ನಾಗಿ ಮಾಡಿದ್ದನ್ನು ಕಂಡಿದ್ದೇನೆ.

ಅವಧಿ ಎಷ್ಟಿರಬೇಕು ಎನ್ನುವುದರ ಬಗ್ಗೆ ಪುಸ್ತಕಗಳು ತಿಂಗಳು ಎನ್ನುತ್ತವೆ. ನಾನು ಮಳೆ ನಕ್ಷತ್ರವನ್ನು ಹಿಡಿಯುತ್ತೇನೆ. ರೋಹಿಣಿ, ಮೃಗಶಿರಾ, ಆರಿದ್ರಾ ಎಂದು ವರ್ಷವನ್ನು 27 ಪಾಲು ಮಾಡಿದರೆ ಒಂದೊಂದಕ್ಕೆ 13ರಿಂದ 14 ದಿನ ಬರುತ್ತದೆ. ಮುಂಗಾರಿನ ನಡುವಿನ ಒಣಗಾಲವನ್ನು ಹಿಡಿಯಲು ತಿಂಗಳು ದೊಡ್ಡದಾಯಿತು, ಹದಿನಾಲ್ಕು ದಿನ ಸರಿಹೋಗುತ್ತದೆ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ನಮ್ಮ ಕಡೆ ಹಿರಿಯರ ನೆನಪೆಲ್ಲ ನಕ್ಷತ್ರದಲ್ಲಿದೆ. ಆಗಸ್ಟಿನಲ್ಲಿ ಎಷ್ಟು ಮಳೆಯಾಯಿತು ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಆ ವರ್ಷ ಮಘೆ ಹೇಗೆ ಹೋಯಿತು ಎಂದು ಕೇಳಿದರೆ ಹೊಲದ ಹೆಸರು ಸಮೇತ ಹೇಳುತ್ತಾರೆ.

ಗದಗ ತಾಲೂಕಿನ ಒಂದು ಕೆರೆಯ ಒಡ್ಡಿನ ಮೇಲೆ ನಾನು ಕಾಗದ ಹರಡಿಕೊಂಡು ಕುಳಿತಿದ್ದಾಗ ಎಂಬತ್ತು ದಾಟಿದ ಅಜ್ಜ ಒಬ್ಬರು ಬಂದು ಪಕ್ಕದಲ್ಲಿ ಕುಳಿತರು. ತೂಬಿನ ಕಲ್ಲುಕಂಬವನ್ನು ಕೋಲಿನಿಂದ ತೋರಿಸಿದರು. ಕಂಬದ ಮೇಲೆ ಸುಣ್ಣ ಬಳಿದಂತೆ ಬಿಳಿ ಪಟ್ಟೆಗಳು, ನೀರು ನಿಂತು ಇಳಿದ ಗುರುತುಗಳು. "ಮೇಲಿನ ಪಟ್ಟೆ ನೋಡಿರಿ ಸಾಹೇಬರೇ, ಅದು ಕೋಡಿ ಬಿದ್ದ ವರ್ಷದ್ದು. ನನ್ನ ಮದುವೆಯಾದ ಮೇಲೆ ಏಳು ಸಲ ಕೋಡಿ ಬಿದ್ದಿದೆ" ಎಂದರು. ಏಳೂ ವರ್ಷಗಳನ್ನು ಹೇಳಿದರು: ಮಗ ಹುಟ್ಟಿದ ವರ್ಷ, ಗುಡಿಯ ಕಳಸ ಏರಿಸಿದ ವರ್ಷ, ಎತ್ತು ಕೊಚ್ಚಿಹೋದ ವರ್ಷ. ಮನೆಗೆ ಬಂದು ಹಾಳೆಯಲ್ಲಿ ಹಿಂದಿನ ಮಳೆಯನ್ನು ಓಡಿಸಿದೆ. ಏಳರಲ್ಲಿ ಐದು ವರ್ಷ ನನ್ನ ಬಾನಿಯೂ ತುಂಬಿ ಚೆಲ್ಲಿತು. ಉಳಿದೆರಡು ವರ್ಷ ಏಕೆ ಚೆಲ್ಲಲಿಲ್ಲ ಎಂದು ಹುಡುಕಿದಾಗ, ಮೇಲಿನ ಹಳ್ಳಕ್ಕೆ ಆಮೇಲೆ ಎರಡು ಚೆಕ್‌ ಡ್ಯಾಂ ಕಟ್ಟಿದ್ದು ತಿಳಿಯಿತು. ನಾನು ಈಗಿನ ಹಳ್ಳವನ್ನು ಇಟ್ಟುಕೊಂಡು ಆಗಿನ ಕೆರೆಯನ್ನು ತುಂಬಿಸಲು ಹೊರಟಿದ್ದೆ.

ಹರಿವನ್ನು ಅಳೆಯುವ ಮಾಪಕ ನಮ್ಮ ಸಣ್ಣ ಹಳ್ಳಗಳಲ್ಲಿ ಬಹುಮಟ್ಟಿಗೆ ಇಲ್ಲ. ಕೋಡಿ ಬಿದ್ದ ವರ್ಷ ಮತ್ತು ಬೀಳದ ವರ್ಷಗಳ ಪಟ್ಟಿ ಪ್ರತಿ ಊರಿನಲ್ಲಿದೆ. ಸರಳ ಮಾದರಿಯನ್ನು ಊರಿನವರೇ ತಪ್ಪು ಹಿಡಿಯಬಹುದು. ನಾನು ಅದನ್ನು ಮೆಚ್ಚುವುದಕ್ಕೆ ಮೊದಲ ಕಾರಣ ಇದೇ.

ಈಗ ಒಂದು ಲೆಕ್ಕವನ್ನು ಕೂತು ಮಾಡಿಬಿಡೋಣ. ಸಂಖ್ಯೆಗಳು ತಿಳಿಯಲೆಂದು ಇಟ್ಟುಕೊಂಡವು, ಆದರೆ ಗದಗ ಸೀಮೆಯ ಕೆರೆಗಳಿಗೆ ಹತ್ತಿರದವೇ. ಜಲಾನಯನ 400 ಹೆಕ್ಟೇರ್, ತುಂಬಿದ ಕೆರೆ 20 ಹೆಕ್ಟೇರ್, ಸರಾಸರಿ ಆಳ 2 ಮೀಟರ್. ಅಂದರೆ 40 ಕೋಟಿ ಲೀಟರ್ ಹಿಡಿಯುತ್ತದೆ. ವರ್ಷದ ಮಳೆ 600 ಮಿಲಿಮೀಟರ್, ಅದರಲ್ಲಿ ಹತ್ತನೆಯ ಒಂದು ಪಾಲು ಹರಿದು ಬಂದರೆ 24 ಕೋಟಿ ಲೀಟರ್. ಊರಿನ 3,000 ಜನರಿಗೆ ದಿನಕ್ಕೆ ತಲಾ 55 ಲೀಟರಿನಂತೆ ವರ್ಷಕ್ಕೆ ಬೇಕಾಗುವುದು ಸುಮಾರು 6 ಕೋಟಿ ಲೀಟರ್. ಇಲ್ಲಿಯವರೆಗೆ ನೋಡಿದರೆ ನೀರು ನಾಲ್ಕು ಪಟ್ಟು ಇದೆ, ಚಿಂತೆಯೇ ಇಲ್ಲ.

ಆವಿಯನ್ನು ಹಾಕಿ. ನಮ್ಮ ಬಿಸಿಲು, ಗಾಳಿಗೆ ತೆರೆದ ನೀರು ವರ್ಷಕ್ಕೆ ಸುಮಾರು 1.6 ಮೀಟರ್ ಇಳಿಯುತ್ತದೆ ಎಂದುಕೊಳ್ಳಿ. ವರ್ಷದ ಸರಾಸರಿ ನೀರಿನ ಹರವು 12 ಹೆಕ್ಟೇರ್ ಇದ್ದರೆ 19 ಕೋಟಿ ಲೀಟರ್ ಗಾಳಿಗೆ ಹೋಯಿತು. ಕೆರೆಯ ಮೇಲೇ ಬಿದ್ದ ಮಳೆ 7 ಕೋಟಿ ಲೀಟರನ್ನು ಮರಳಿ ಕೊಡುತ್ತದೆ. ಉಳಿದ ನಷ್ಟ 12 ಕೋಟಿ, ಊರು ಕುಡಿಯುವುದರ ಎರಡರಷ್ಟು. ಇಂಗುವುದಕ್ಕೆ ಇನ್ನು 6 ಕೋಟಿ ಇಟ್ಟರೆ ಲೆಕ್ಕ ಸಮಸಮ. ಒಳ್ಳೆಯ ವರ್ಷವೇ ಸಮಸಮವಾದರೆ ಕೆಟ್ಟ ವರ್ಷ ಏನಾದೀತು ಎಂಬುದು ಯಾರಿಗಾದರೂ ಹೊಳೆಯುತ್ತದೆ. ಒಂದು ಗಂಟೆಯ ಕೆಲಸ ಇಷ್ಟನ್ನು ಹೇಳಿತು.

ಅದೇ ಹಾಳೆ ಹೂಳಿನ ಪ್ರಶ್ನೆಗೂ ಉತ್ತರ ಕೊಡುತ್ತದೆ. ಮಾಘ ಮಾಸದ ಹೊತ್ತಿಗೆ ಕೆರೆಯಲ್ಲಿ 10 ಕೋಟಿ ಲೀಟರ್ ಉಳಿದಿದೆ ಎಂದುಕೊಳ್ಳಿ. ಇಡೀ 20 ಹೆಕ್ಟೇರಿನಲ್ಲಿ ತೆಳ್ಳಗೆ ಹರಡಿದ್ದರೆ ಅದು ಅರ್ಧ ಮೀಟರ್. ಫೆಬ್ರವರಿಯಿಂದ ಮೇ ತಿಂಗಳವರೆಗಿನ ಬಿಸಿಲು ಮುಕ್ಕಾಲು ಮೀಟರ್ ಎಳೆಯುತ್ತದೆ, ಹನಿಯೂ ಉಳಿಯುವುದಿಲ್ಲ. ಅದೇ 10 ಕೋಟಿ ಲೀಟರ್ ತೂಬಿನ ಮುಂದಿನ 5 ಹೆಕ್ಟೇರಿನ ತಗ್ಗಿನಲ್ಲಿ 2 ಮೀಟರ್ ಆಳಕ್ಕೆ ನಿಂತಿದ್ದರೆ, ಮುಕ್ಕಾಲು ಮೀಟರ್ ಹೋದ ಮೇಲೂ 6 ಕೋಟಿ ಲೀಟರಿಗಿಂತ ತುಸು ಹೆಚ್ಚೇ ಉಳಿಯುತ್ತದೆ. ಅಂದರೆ ಊರಿಗೆ ಒಂದು ವರ್ಷದ ನೀರು. ಆದ್ದರಿಂದ ಹೂಳೆತ್ತುವ ಹಣವನ್ನು ಕೆರೆಯ ತುಂಬ ಒಂದೊಂದು ಅಡಿ ಕೆರೆಯುವುದಕ್ಕೆ ಚೆಲ್ಲಬೇಡಿ, ತೂಬಿನ ಕಡೆ ಒಂದು ತಗ್ಗನ್ನು ಆಳ ಮಾಡಿಸಿ. ತಳದ ಜೇಡಿಯನ್ನು ದಾಟಿ ಗರಸಿನವರೆಗೆ ಹೋಗಬಾರದು, ಹೋದರೆ ಅಷ್ಟೂ ನೀರು ಇಂಗಿ ಹೋಗುತ್ತದೆ. ಜೆಸಿಬಿ ಇಳಿಸುವ ಮೊದಲು ನಾಲ್ಕು ಕಡೆ ಗುಂಡಿ ತೋಡಿ ಜೇಡಿಯ ದಪ್ಪ ನೋಡಿಕೊಳ್ಳಿ.

ಮಳೆ ಹೆಚ್ಚಲಿ, ಕಡಿಮೆಯಾಗಲಿ, ತಡವಾಗಲಿ, ಈ ಸಲಹೆ ಬದಲಾಗುವುದಿಲ್ಲ. ಹವಾಮಾನದ ಅನಿಶ್ಚಿತತೆಯಲ್ಲಿ ನಾವು ಹುಡುಕಬೇಕಾದದ್ದು ಇಂಥ ತೀರ್ಮಾನವನ್ನು.

ಅದೇ 50 ಮಿಲಿಮೀಟರ್

ಬಾನಿ ಲೆಕ್ಕದಲ್ಲಿ ಹತ್ತನೆಯ ಒಂದು ಪಾಲು ಹರಿಯುತ್ತದೆ ಎಂದು ಸಲೀಸಾಗಿ ಬರೆದೆನಲ್ಲ, ಅಲ್ಲಿಯೇ ಅದರ ದೌರ್ಬಲ್ಯವಿದೆ. ಹರಿವನ್ನು ದಿನದ ಮಳೆಯಿಂದ ತೆಗೆಯಲು ಕರ್ವ್ ನಂಬರ್ ವಿಧಾನ ಎಂಬುದೊಂದಿದೆ. ಅಮೆರಿಕದ ಮಣ್ಣು ಸಂರಕ್ಷಣಾ ಇಲಾಖೆ 1950ರ ದಶಕದಲ್ಲಿ ರೂಪಿಸಿದ್ದು, ನಮ್ಮ ಜಲಾನಯನ ಯೋಜನೆಗಳಲ್ಲಿಯೂ ರೂಢಿಯಲ್ಲಿದೆ. ಮಣ್ಣು ಮತ್ತು ಬೆಳೆ ನೋಡಿ 100ರೊಳಗಿನ ಒಂದು ಅಂಕ ಕೊಡುತ್ತಾರೆ. ಅಂಕ ಹೆಚ್ಚಾದಷ್ಟೂ ನೀರು ಹೆಚ್ಚು ಹರಿಯುತ್ತದೆ. 80 ಎಂದು ಹಿಡಿದು ಲೆಕ್ಕ ಮಾಡಿ ನೋಡಿ.

ಒಂದೇ ದಿನ 50 ಮಿಲಿಮೀಟರ್ ಸುರಿದರೆ 13.8 ಮಿಲಿಮೀಟರ್ ಹರಿಯುತ್ತದೆ. ಅದೇ 50 ಮಿಲಿಮೀಟರ್ ಬಿಡುವು ಕೊಟ್ಟು ಎರಡು ದಿನ 25ರಂತೆ ಬಂದರೆ ಹರಿಯುವುದು ಒಟ್ಟು 4. ಹತ್ತರಂತೆ ಐದು ದಿನ ಜಿನುಗಿದರೆ ಸೊನ್ನೆ, ಎಲ್ಲವನ್ನೂ ಹೊಲ ಕುಡಿಯಿತು. ಮಳೆಮಾಪಕದ ರಿಜಿಸ್ಟರಿನ ಒಟ್ಟು ಮೊತ್ತದಲ್ಲಿ ಮೂರೂ 50 ಎಂದೇ ಇರುತ್ತದೆ. ಮೇಲಿನ ನಮ್ಮ ಕೆರೆಗೆ ಮೊದಲನೆಯದರಿಂದ 5.5 ಕೋಟಿ ಲೀಟರ್, ಎರಡನೆಯದರಿಂದ 1.6 ಕೋಟಿ, ಮೂರನೆಯದರಿಂದ ಏನೂ ಇಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ಆ ಒಂದು ದಿನದ ಮಳೆ 50ರಿಂದ 40ಕ್ಕೆ ಇಳಿದರೆ, ಅಂದರೆ ಶೇಕಡಾ 20 ಕಡಿಮೆಯಾದರೆ, ಹರಿವು 13.8ರಿಂದ 8.2ಕ್ಕೆ, ಶೇಕಡಾ 40ರಷ್ಟು ಕುಸಿಯುತ್ತದೆ. 60ಕ್ಕೆ ಏರಿದರೆ 20.2 ಆಗುತ್ತದೆ, ಶೇಕಡಾ 46 ಹೆಚ್ಚು. ಮಳೆಯ ಸಣ್ಣ ಬದಲಾವಣೆ ಕೆರೆಗೆ ಬರುವ ಹೊತ್ತಿಗೆ ಎರಡು ಪಟ್ಟು ಆಗಿರುತ್ತದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶೇಕಡಾ 7ರಷ್ಟು ಹೆಚ್ಚು ತೇವ ಹಿಡಿಯಬಲ್ಲದು ಎಂಬುದು ಭೌತಶಾಸ್ತ್ರದ ಗಟ್ಟಿ ಮಾತು. ಬಿಸಿ ಏರಿದ ಲೋಕದಲ್ಲಿ ಬಿರುಮಳೆ ಹೆಚ್ಚುತ್ತದೆ ಎಂದು ವಿಜ್ಞಾನಿಗಳು ಒಮ್ಮತದಿಂದ ಹೇಳುವುದು ಇದರ ಮೇಲೆಯೇ. ಒಟ್ಟು ಮಳೆ ಅಷ್ಟೇ ಇದ್ದೂ ನಮ್ಮ ಕೆರೆಗಳು ಹೆಚ್ಚು ತುಂಬಬಹುದು, ಹೊಲಗಳು ಹೆಚ್ಚು ಒಣಗಬಹುದು. ಮುಂಗಾರಿನ ಮೊತ್ತವನ್ನಷ್ಟೇ ಕೇಳುವ ಹಳೆಯ ಕೋಷ್ಟಕಕ್ಕೆ ಇದು ಕಾಣುವುದೇ ಇಲ್ಲ.

ಎರೆ (ಕಪ್ಪು ಮಣ್ಣಿನ) ಹೊಲದವರಿಗೆ ಒಂದು ಎಚ್ಚರಿಕೆ. ಬೇಸಿಗೆಯಲ್ಲಿ ಎರೆ ಭೂಮಿ ಕೈ ಇಳಿಯುವಷ್ಟು ಬಿರುಕು ಬಿಟ್ಟಿರುತ್ತದೆ. ರೋಹಿಣಿ, ಮೃಗಶಿರಾ ಮಳೆಗಳು ಆ ಬಿರುಕಿಗೇ ಹೋಗುತ್ತವೆ, ಸೂತ್ರ ಹೇಳಿದಷ್ಟು ಹರಿಯುವುದಿಲ್ಲ. ಬಿರುಕು ಮುಚ್ಚಿದ ಮೇಲೆ, ಹುಬ್ಬಾ ಉತ್ತರಾ ಹೊತ್ತಿಗೆ, ಅದೇ ನೆಲ ಚೆನ್ನಾಗಿ ನೀರು ಬಿಡುತ್ತದೆ. ಆದ್ದರಿಂದ ಆರಂಭದ ನಕ್ಷತ್ರಗಳಿಗೆ ಕಡಿಮೆ ಅಂಕ, ಆಮೇಲಿನವಕ್ಕೆ ಹೆಚ್ಚು ಅಂಕ ಕೊಡಿ. ಕೆಂಪು ಮಣ್ಣಿನ ಮಸಾರಿಯಲ್ಲಿ ಈ ತಾಪತ್ರಯವಿಲ್ಲ.

ಕೃಷಿ ಹೊಂಡದ ಪ್ರಶ್ನೆಗೆ ಇದಕ್ಕಿಂತ ಹೆಚ್ಚಿನದು ಬೇಡ. 21 ಮೀಟರ್ ಉದ್ದಗಲ, 3 ಮೀಟರ್ ಆಳದ ಹೊಂಡ, ಬದಿಗಳಿಗೆ ಇಳಿಜಾರು ಕೊಟ್ಟರೆ, ಸುಮಾರು 9.8 ಲಕ್ಷ ಲೀಟರ್ ಹಿಡಿಯುತ್ತದೆ. 12 ಮೀಟರಿನದು 2.5 ಲಕ್ಷ. ಒಂದು ಎಕರೆಗೆ 50 ಮಿಲಿಮೀಟರ್ ನೀರು ಹಾಯಿಸಲು 2 ಲಕ್ಷ ಲೀಟರ್ ಬೇಕು. ಐದು ಎಕರೆ ಹೊಲದಿಂದ ಒಂದು 50 ಮಿಲಿಮೀಟರ್ ಮಳೆಗೆ ಬರುವುದು 2.8 ಲಕ್ಷ ಲೀಟರ್. ಅಂದರೆ ಸಣ್ಣ ಹೊಂಡ ಒಂದೇ ದೊಡ್ಡ ಮಳೆಗೆ ತುಂಬುತ್ತದೆ, ದೊಡ್ಡದಕ್ಕೆ ಮೂರೂವರೆ ಮಳೆ ಬೇಕು. ಹತ್ತಿರದ ಮಳೆಮಾಪಕದ ದಾಖಲೆ ತೆಗೆದು, ಕಳೆದ ಇಪ್ಪತ್ತು ವರ್ಷಗಳಲ್ಲಿ ಪ್ರತಿ ವರ್ಷ 50 ಮಿಲಿಮೀಟರ್ ದಾಟಿದ ದಿನಗಳು ಎಷ್ಟು ಎಂದು ಎಣಿಸಿ. ಬಹುಪಾಲು ವರ್ಷ ಒಂದೋ ಎರಡೋ ಇದ್ದರೆ ಐದು ಎಕರೆಯವರಿಗೆ 21 ಮೀಟರಿನ ಹೊಂಡ ಅರ್ಧ ಖಾಲಿಯೇ ಇರುತ್ತದೆ. ಸಣ್ಣದನ್ನು ಮಾಡಿಸಿ, ಪುಷ್ಯ ನಕ್ಷತ್ರದಲ್ಲಿ ಹೆಸರಿಗೋ ಶೇಂಗಾಕ್ಕೋ ಒಮ್ಮೆ ಹಾಯಿಸಿ ಖಾಲಿ ಮಾಡಿ, ಉತ್ತರಾ ಮಳೆಗೆ ಮತ್ತೆ ತುಂಬಿಸಿಕೊಂಡು ಕಡಲೆಗೆ ಇಟ್ಟುಕೊಳ್ಳಿ. ಹತ್ತು, ಹದಿನೈದು ಎಕರೆಯ ನೀರು ಒಂದೆಡೆ ಸೇರುವವರಿಗೆ ದೊಡ್ಡದೇ ಸರಿ.

ನಾಲ್ಕು ಅಂಕೆಯ ಮಾದರಿ

ಮೂರನೆಯ ದಾರಿ ನದಿಗೆ, ಜಲಾಶಯಕ್ಕೆ. ಎಬಿಸಿಡಿ ಎಂಬ ಮಾದರಿ 1981ರಿಂದ ಬಳಕೆಯಲ್ಲಿದೆ, ಫ್ರಾನ್ಸಿನ ಜಿಆರ್‌4ಜೆ ಅದಕ್ಕಿಂತ ಹೊಸದು. ಎರಡರಲ್ಲೂ ತಿರುಗಿಸಬೇಕಾದ ತಿರುಪು, ಅಂದರೆ ನಾವು ಹೊಂದಿಸಬೇಕಾದ ಅಂಕೆ, ನಾಲ್ಕೇ. ಬಾನಿ ಲೆಕ್ಕಕ್ಕಿಂತ ಇವು ಮುಂದಿರುವುದು ಒಂದು ವಿಷಯದಲ್ಲಿ: ನೆಲದೊಳಗೆ ನಿಂತು ತಡವಾಗಿ ಹೊರಬರುವ ನೀರನ್ನು ಇವು ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಮಳೆ ನಿಂತ ಮೇಲೂ ನವೆಂಬರಿನವರೆಗೆ ಹೊಳೆ ಹರಿಯುವುದು ಆ ನೀರಿನಿಂದ. ಆದರೆ ನಾಲ್ಕು ತಿರುಪುಗಳನ್ನು ಕೂರಿಸಲು ಅಳೆದ ಹರಿವಿನ ದಾಖಲೆ ಬೇಕು, ಹತ್ತು ವರ್ಷದ್ದಾದರೂ ಇರಲಿ. ಮಲಪ್ರಭೆಗೆ, ತುಂಗಭದ್ರೆಗೆ ಅದು ಸಿಗುತ್ತದೆ, ಊರ ಹಳ್ಳಕ್ಕೆ ಸಿಗುವುದಿಲ್ಲ.

ಪಟ್ಟಣದ ನೀರಿನ ಯೋಜನೆಗೆ ನಾನು ಇದನ್ನೇ ಹಿಡಿಯುತ್ತೇನೆ. ಹುಬ್ಬಳ್ಳಿ-ಧಾರವಾಡ ಕುಡಿಯುವುದು ಬಹುಪಾಲು ಮಲಪ್ರಭೆಯ ನೀರು, ಮಲಪ್ರಭೆ ಹುಟ್ಟುವುದು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ. ಆದ್ದರಿಂದ ಮಾದರಿಗೆ ಉಣಿಸಬೇಕಾದದ್ದು ಘಟ್ಟದ ಮಳೆ. ಧಾರವಾಡದ ಮಳೆಮಾಪಕವನ್ನು ನೋಡಿ ಜಲಾಶಯದ ಭವಿಷ್ಯ ಹೇಳಿದರೆ ತಪ್ಪುತ್ತದೆ. ಹಾವೇರಿಯ ವರದೆಯದೂ ಇದೇ ಕತೆ. ಅದು ಸಾಗರ ಸೀಮೆಯಲ್ಲಿ ಹುಟ್ಟಿ ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಹಾವೇರಿಯಲ್ಲಿ ಹನಿ ಬೀಳದಿದ್ದರೂ ವರದೆ ದಂಡೆ ಮೀರಬಹುದು.

ಮಹದಾಯಿಯ ವಿಷಯದಲ್ಲಿ ಒಂದು ಮಾತು, ಏಕೆಂದರೆ ಪ್ರತಿ ಸಭೆಯಲ್ಲೂ ಅದು ಬರುತ್ತದೆ. 2018ರ ನ್ಯಾಯಮಂಡಳಿ ತೀರ್ಪು, ಮಹದಾಯಿಯ ನೀರನ್ನು ಮಲಪ್ರಭೆಗೆ ತಿರುಗಿಸುವ ಕಳಸಾ ಮತ್ತು ಬಂಡೂರಿ ಯೋಜನೆಗಳಿಗೆ ಒಟ್ಟು 3.9 ಟಿಎಂಸಿ ಕೊಟ್ಟಿದೆ. ಇದು ಮಲಪ್ರಭಾ ಜಲಾಶಯದ ಸಾಮರ್ಥ್ಯದ ಹತ್ತನೆಯ ಒಂದು ಪಾಲು. ಈ ನೀರಿಗಾಗಿ ನಮ್ಮ ರೈತರು ವರ್ಷಗಟ್ಟಲೆ ಧರಣಿ ಕುಳಿತದ್ದು ವ್ಯರ್ಥವಲ್ಲ, ಅದು ಬರಬೇಕು. ಯೋಜನೆ ಮಾಡುವವರು ಮಾತ್ರ ಆ 3.9 ಇದ್ದಾಗ ಹೇಗೆ, ಇಲ್ಲದಾಗ ಹೇಗೆ ಎಂದು ಎರಡು ಸಲ ಮಾದರಿ ಓಡಿಸಬೇಕು. ಮಲಪ್ರಭೆಯ ತಲೆಯೂ ಮಹದಾಯಿಯ ತಲೆಯೂ ಒಂದೇ ಘಟ್ಟದಲ್ಲಿವೆ, ಒಂದೇ ಮೋಡದ ಮಳೆ. ಒಂದು ಬತ್ತಿದ ವರ್ಷ ಇನ್ನೊಂದು ಪೂರ್ತಿಯಾಗಿ ಕೈಹಿಡಿಯುತ್ತದೆ ಎಂದು ಲೆಕ್ಕ ಕಟ್ಟಬಾರದು.

ದೊಡ್ಡ ಮಾದರಿ

ಸ್ವಾಟ್‌ನಂಥ ಮಾದರಿಗಳು ಜಲಾನಯನವನ್ನು ನೂರಾರು ತುಂಡು ಮಾಡಿ ಪ್ರತಿ ತುಂಡಿನ ಮಣ್ಣು, ಬೆಳೆ, ಇಳಿಜಾರು, ಗೊಬ್ಬರ ಎಲ್ಲವನ್ನೂ ಕೇಳುತ್ತವೆ. ಬೆಳೆ ಬದಲಾದರೆ ಏನಾಗುತ್ತದೆ, ಮಣ್ಣು ಎಷ್ಟು ಕೊಚ್ಚಿ ಹೋಗುತ್ತದೆ ಎಂಬ ಪ್ರಶ್ನೆಗಳಿಗೆ ಅದೇ ಬೇಕು. ಕೃಷಿ ವಿಶ್ವವಿದ್ಯಾಲಯ, ನೀರು ಮತ್ತು ನೆಲದ ನಿರ್ವಹಣೆ ಕಲಿಸುವ ವಾಲ್ಮಿಯಂಥ ಸಂಸ್ಥೆಗಳಿರುವ ಧಾರವಾಡದಲ್ಲಿ ಅದನ್ನು ಬಲ್ಲವರ ಕೊರತೆ ಇಲ್ಲ. ಊರಿನ ಕೆರೆಗೆ ಮಾತ್ರ ನಾನು ಅದನ್ನು ಒಪ್ಪುವುದಿಲ್ಲ. ಒಮ್ಮೆ ಒಂದು ಸಣ್ಣ ಜಲಾನಯನಕ್ಕೆ ಅದನ್ನು ಕೂರಿಸಲು ನಾನು ಎಂಟು ತಿಂಗಳು ತೆಗೆದುಕೊಂಡೆ. ವರದಿ ಕೈಗೆ ಬರುವ ಹೊತ್ತಿಗೆ ಊರಿನವರು ಕೆಲಸ ಮುಗಿಸಿ ಒಂದು ಮಳೆಗಾಲವನ್ನೂ ಕಂಡಿದ್ದರು. ವರದಿಯ ಒಂದೊಂದು ನಕ್ಷೆಯೂ ಅಂದವಾಗಿತ್ತು, ಹತ್ತಾರು ತಿರುಪುಗಳಲ್ಲಿ ಅರ್ಧಕ್ಕರ್ಧ ಊಹೆಯವೇ ಆಗಿದ್ದವು. ಆ ಊರಿನ ಜನರ ಎಂಟು ತಿಂಗಳನ್ನು ನೆನೆದರೆ ನನಗೆ ಈಗಲೂ ನೋವಾಗುತ್ತದೆ.

ಮುಂದಿನ ಮಳೆಯನ್ನು ಎಲ್ಲಿಂದ ತರುವುದು

ಮೇಲಿನ ಯಾವ ಮಾದರಿಯಾದರೂ ಮಳೆಯನ್ನು ನಾವೇ ಕೊಡಬೇಕು. 2040ರ ಮಳೆಯನ್ನು ಯಾರು ಕೊಡುತ್ತಾರೆ? ಇಲ್ಲಿ ಎರಡು ಪಂಥಗಳಿವೆ.

ಒಂದು ಪಂಥದವರು ಜಾಗತಿಕ ಹವಾಮಾನ ಮಾದರಿಗಳ ಮಳೆಯನ್ನು ಇಳಿಸಿ ತಂದು ನೇರವಾಗಿ ಉಣಿಸುತ್ತಾರೆ. ಆ ಮಾದರಿಗಳ ಒಂದು ಚೌಕ ಬಹುಮಟ್ಟಿಗೆ ನೂರು ಕಿಲೋಮೀಟರ್ ಅಗಲ. ಮೂರು ಸಾವಿರ ಮಿಲಿಮೀಟರ್ ದಾಟುವ ಕಣಕುಂಬಿ, ಎಂಟುನೂರರ ಆಸುಪಾಸಿನ ಧಾರವಾಡ ಒಂದೇ ಚೌಕದಲ್ಲಿ ಬೀಳುವುದುಂಟು. ಘಟ್ಟದ ಗೋಡೆಯೇ ಅದರಲ್ಲಿ ಸರಿಯಾಗಿ ಮೂಡಿರುವುದಿಲ್ಲ. ಒಟ್ಟಾರೆ ದಕ್ಷಿಣ ಏಷ್ಯಾದ ಮುಂಗಾರು ಈ ಶತಮಾನದಲ್ಲಿ ಹೆಚ್ಚುತ್ತದೆ ಎಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿಯ 2021ರ ವರದಿ ಹೇಳಿದೆ. ಅದನ್ನು ತಿಳಿದಿರಬೇಕು. ನರಗುಂದದ ಒಂದು ಕೆರೆಗೆ ಅದರಿಂದ ಇಷ್ಟೇ ಲೀಟರ್ ಎಂದು ಬರೆದುಕೊಟ್ಟರೆ ನಾನು ನಂಬುವುದಿಲ್ಲ.

ಇನ್ನೊಂದು ಪಂಥ ತಲೆಕೆಳಗಾಗಿ ನಡೆಯುತ್ತದೆ, ನಾನು ಆ ಕಡೆಯವನು. ಮಳೆ ಏನಾಗುತ್ತದೆ ಎಂದು ಮೊದಲು ಕೇಳುವುದಿಲ್ಲ, ನಮ್ಮ ಕೆರೆ ಎಷ್ಟನ್ನು ತಡೆದೀತು ಎಂದು ಕೇಳುತ್ತದೆ. ಭಾರತ ಹವಾಮಾನ ಇಲಾಖೆ 1901ರಿಂದ ಈಚಿನ ದಿನದಿನದ ಮಳೆಯನ್ನು ಕಾಲು ಡಿಗ್ರಿಯ ಚೌಕಗಳಲ್ಲಿ ಉಚಿತವಾಗಿ ಕೊಡುತ್ತದೆ. ಅದನ್ನು ತೆಗೆದುಕೊಂಡು ಹಾಳೆಯಲ್ಲಿ ಓಡಿಸಿ. ಆಮೇಲೆ ಎಲ್ಲ ಮಳೆಯನ್ನು ಶೇಕಡಾ 10, 20, 30 ಇಳಿಸಿ ನೋಡಿ, ಏರಿಸಿ ನೋಡಿ. ಒಟ್ಟು ಬದಲಿಸದೆ ಸಣ್ಣ ಮಳೆಗಳನ್ನು ಅಳಿಸಿ ದೊಡ್ಡವಕ್ಕೆ ಕೂಡಿಸಿ ನೋಡಿ. ಆವಿಯನ್ನು ಶೇಕಡಾ 5 ಹೆಚ್ಚಿಸಿ. ಮುಂಗಾರಿನ ಆರಂಭವನ್ನು ಎರಡು ನಕ್ಷತ್ರ ಮುಂದಕ್ಕೆ ತಳ್ಳಿ. 2015 ಮತ್ತು 2016ರ ಬೆನ್ನಿಗೆ 2018ನ್ನೂ ಅಂಟಿಸಿ ಮೂರು ವರ್ಷದ ಬರ ಮಾಡಿ. ಬಾನಿ ಲೆಕ್ಕ ಇದನ್ನೆಲ್ಲ ಒಂದು ಸಂಜೆಯಲ್ಲಿ ಮುಗಿಸುತ್ತದೆ. ದೊಡ್ಡ ಮಾದರಿಗೆ ಇಷ್ಟು ಸಲ ಓಡುವ ಚೈತನ್ಯವಿಲ್ಲ, ಓಡಿಸುವವರಿಗೂ ವ್ಯವಧಾನವಿಲ್ಲ. ಸರಳ ಮಾದರಿಯ ನಿಜವಾದ ಬಲ ಈ ಸಂಜೆಯಲ್ಲಿದೆ.

ಕೊನೆಗೆ ಕೈಗೆ ಬರುವುದು ಒಂದು ಗೆರೆ. ಮಳೆ ಇಷ್ಟಕ್ಕಿಂತ ಕಡಿಮೆಯಾದರೆ, ಅಥವಾ ಬರ ಇಷ್ಟು ವರ್ಷ ಮುಂದುವರಿದರೆ, ನಮ್ಮ ಕೆರೆ ಯುಗಾದಿಗೆ ಮುಂಚೆ ಬತ್ತುತ್ತದೆ ಎನ್ನುವ ಗೆರೆ. ಆಗ ಮಾತ್ರ ಹವಾಮಾನ ವಿಜ್ಞಾನಿಗಳ ಹತ್ತಿರ ಹೋಗಿ ಕೇಳಬೇಕು, ಆ ಗೆರೆ ದಾಟುವ ಸಂಭವ ಎಷ್ಟು ಎಂದು. ಆ ಪ್ರಶ್ನೆಗೆ ಅವರು ಪ್ರಾಮಾಣಿಕವಾಗಿ ಉತ್ತರಿಸಬಲ್ಲರು.

ಸರಳ ಮಾದರಿ ಕೈಕೊಡುವ ಜಾಗಗಳು

ಬೆಣ್ಣಿಹಳ್ಳದ ನೆರೆಗೆ ಬಾನಿ ಲೆಕ್ಕ ಹಿಡಿಯಬೇಡಿ. ಎರೆ ನಾಡಿನ ಸಮತಟ್ಟು ನೆಲದಲ್ಲಿ ಆ ಹಳ್ಳ ಏರುವುದು ಗಂಟೆಗಳ ಲೆಕ್ಕದಲ್ಲಿ. ನಕ್ಷತ್ರದ ಲೆಕ್ಕ ಅಲ್ಲಿ ಸಲ್ಲದು, ದಿನದ ಲೆಕ್ಕವೂ ಸಾಲದು. ಸೇತುವೆ, ಮನೆ, ಜನರ ಜೀವದ ವಿಷಯ ಬಂದಾಗ ಗಂಟೆಗೊಂದು ಮಳೆಯ ದಾಖಲೆ ಇಟ್ಟುಕೊಂಡು ನೆರೆಗೆಂದೇ ಮಾಡಿದ ಮಾದರಿಯನ್ನು ಬಲ್ಲ ಎಂಜಿನಿಯರಿಂದಲೇ ಮಾಡಿಸಬೇಕು. ಕೆರೆಯ ಕೋಡಿ ಎಷ್ಟು ಅಗಲ ಇರಬೇಕು ಎಂಬುದಕ್ಕೂ ಇದೇ ಮಾತು.

ಕೊಳವೆಬಾವಿಯ ಆಳಕ್ಕೂ ಈ ಹಾಳೆ ಉತ್ತರ ಕೊಡದು. ಬಂಡೆಯ ಬಿರುಕಿನಲ್ಲಿರುವ ನೀರು ಪಕ್ಕದ ಹೊಲಕ್ಕೆ ಇದ್ದು ನಿಮ್ಮ ಹೊಲಕ್ಕೆ ಇಲ್ಲದಿರಬಹುದು.

ಕಾಲುವೆಯಿಂದಲೋ ಏತ ನೀರಾವರಿಯಿಂದಲೋ ತುಂಬಿಸುವ ಕೆರೆಗಳು ಮೂರನೆಯ ಬಗೆಯವು. ಹಮ್ಮಿಗಿಯಿಂದ ನೀರೆತ್ತಿ ತುಂಬಿಸುವ ಕೆರೆಗೆ ಗದಗಿನ ಮಳೆ ಮುಖ್ಯವಲ್ಲ. ತುಂಗಭದ್ರೆಯಲ್ಲಿ ಯಾವ ದಿನಗಳಲ್ಲಿ ನೀರಿರುತ್ತದೆ, ಪಂಪು ಎಷ್ಟು ತಾಸು ಓಡುತ್ತದೆ, ಕರೆಂಟು ಯಾವಾಗ ಇರುತ್ತದೆ ಎಂಬುದೇ ಮಳೆಯ ಜಾಗದಲ್ಲಿ ಕೂರುತ್ತದೆ. ಬಾನಿ ಅದೇ, ನಲ್ಲಿ ಬೇರೆ.

ಕೆಲಸಕ್ಕೆ ಹೊರಡುವವರು ಈ ರೋಹಿಣಿಗೆ ಮುಂಚೆ ಒಂದು ಕೆಲಸ ಮಾಡಿ. ಕೆರೆ ಬತ್ತಿರುವಾಗಲೇ ತೂಬಿನ ಕಂಬದ ಮೇಲೆ ತಳದಿಂದ ಕೋಡಿಯ ಮಟ್ಟದವರೆಗೆ ಹತ್ತು ಸೆಂಟಿಮೀಟರಿಗೊಂದು ಗೆರೆ ಎಳೆದು ಬಣ್ಣದಲ್ಲಿ ಅಂಕೆ ಬರೆಸಿ. ಶಾಲೆಯ ಒಬ್ಬ ಮಾಸ್ತರರಿಗೋ ಅಂಗನವಾಡಿ ಕಾರ್ಯಕರ್ತೆಗೋ ಒಂದು ನೂರು ಹಾಳೆಯ ಪುಸ್ತಕ ಕೊಟ್ಟು, ನಕ್ಷತ್ರ ಬದಲಾಗುವ ದಿನ ಬೆಳಿಗ್ಗೆ ನೀರು ಯಾವ ಗೆರೆಯಲ್ಲಿದೆ ಎಂದು ಬರೆಯಲು ಹೇಳಿ. ಗ್ರಾಮ ಪಂಚಾಯಿತಿಯ ಮಟ್ಟದ ಮಳೆಯನ್ನು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಪಕಗಳು ಹೇಗೂ ಅಳೆಯುತ್ತಿವೆ. ಎರಡು ಮಳೆಗಾಲ ಕಳೆದ ಮೇಲೆ ಆ ಪುಸ್ತಕ ಹಿಡಿದುಕೊಂಡು ಬನ್ನಿ, ಹಾಳೆಯನ್ನು ಕೂಡಿಯೇ ತುಂಬೋಣ.